ಬೀದಿ ಶೂಲದ ಗೋಡೆ

ಜನವರಿ ೯
ಗೋಂಗೂರ ಸೊಪ್ಪು ಬಿಡಿಸುತ್ತ ಕೂತಿದ್ದೆ. ಗೇಟಿನ ಎದುರಿಗೇ ಜೆಸಿಬಿ ಸದ್ದು. ಮೆಣಸಿನಕಾಯಿ ಹೊಲದಲ್ಲಿ ಎದ್ದ ಹೊಸ ಲೇಔಟಿನವರು ರಸ್ತೆಯನ್ನು ನೇರ ನಮ್ಮ ಬಾಗಿಲಿಗೇ ತರುತ್ತಿದ್ದಾರೆ. ಅದರ ಆ ತುದಿಯಲ್ಲಿ ಹೈವೇ, ಆಸ್ಪತ್ರೆ. ನಮ್ಮ ಮನೆಯವರಿಗೋ ಖುಷಿ. “ಸುಗುಣಾ, ಇನ್ನು ಗುಂಟೂರೆಲ್ಲ ಸುತ್ತೋದು ತಪ್ಪಿತು ಕಣೇ!”
ನನಗಲ್ಲ. ಮನೆಗೆ ನೇರ ಬಂದು ನೆಟ್ಟ ರಸ್ತೆ... ವಾಸ್ತುವಿನಲ್ಲಿ ಅದು ಬೀದಿ ಶೂಲ, ಮನೆಮಂದಿಗೆ ಕೇಡು. ಮಗಳು ಹೈಮಾ ಚೊಚ್ಚಲ ಹೆರಿಗೆಗೆ ಬಂದಿದ್ದಾಳೆ. ಈಗಲೇ ಆಗಬೇಕಿತ್ತೇ ಇದು?

ಜನವರಿ ೧೩, ಭೋಗಿ
ವಾಸ್ತು ಹೇಳುವ ಸಿದ್ಧಾಂತಿಗಳು ಬಂದು ನೋಡಿದರು. “ಶೂಲ ಬಾಣಂತಿ ಕೋಣೆಗೇ ಬಡೀತದಮ್ಮಾ. ದಾರಿ ಮುಚ್ಚಿಸಿ. ಗೋಡೇಲಿ ಆ ಕಡೆ ಮುಖ ಮಾಡಿ ವಿನಾಯಕನ್ನ ಕೂರಿಸಿ.”
“ರಸ್ತೆಗೂ ಜಾತಕ ಇದ್ಯಾ ಸ್ವಾಮೀ?” ಇವರು ನಕ್ಕರು. ನನಗೆ ನಗು ಬರಲಿಲ್ಲ. ಹಬ್ಬದ ಕಜ್ಜಾಯ ಅಲ್ಲೇ ಬಿಟ್ಟು ಮೇಸ್ತ್ರಿಗೆ ಫೋನ್ ಮಾಡಿದೆ.

ಫೆಬ್ರವರಿ ೨
ರಸ್ತೆಗೆ ಅಡ್ಡ ಗೋಡೆ ಎದ್ದಿತು, ಆಚೆ ಮುಖಕ್ಕೆ ವಿನಾಯಕ. ಮೇಲೆ ಗಾಜಿನ ಚೂರು. ಕಾಲೋನಿಯವರೆಲ್ಲ ನನ್ನ ಪರ. “ಕಂಡೋರ ಬೈಕು ನಮ್ಮ ಬೀದೀಲಿ ಯಾಕಕ್ಕಾ?” ಅಂದಳು ಪಕ್ಕದ ಮನೆ ರಮಣಮ್ಮ. ಇವರೊಬ್ಬರೇ ಮುಖ ಊದಿಸಿಕೊಂಡಿದ್ದಾರೆ. ಇರಲಿ. ಇವತ್ತು ನಿದ್ದೆ ಬಂದೀತು.

ಫೆಬ್ರವರಿ ೨೧, ಮಧ್ಯಾಹ್ನ
ಹೈಮಾಳಿಗೆ ಹೆರಿಗೆ ನೋವಿಗೆ ಮುಂಚೆಯೇ ರಕ್ತ. ಸೀರೆಯೆಲ್ಲ ಒದ್ದೆ. ಆಂಬುಲೆನ್ಸಿಗೆ ಫೋನ್ ಮಾಡಿದೆವು. ಬಂದಿದೆ — ಗೋಡೆಯ ಆಚೆಗೆ! ಸೈರನ್ ಇಲ್ಲೇ ಕೇಳಿಸುತ್ತಿದೆ. ಡ್ರೈವರ್ ಫೋನು: “ಮ್ಯಾಪಲ್ಲಿ ದಾರಿ ಐತಮ್ಮಾ. ಎದುರಿಗೆ ನೋಡಿದ್ರೆ ವಿನಾಯಕ ಕೂತವ್ನೆ. ಸುತ್ತಿ ಬರೋಕೆ ಮುಕ್ಕಾಲು ಗಂಟೆ ಆಗ್ತದೆ. ಏನ್ ಮಾಡ್ಲಿ?”
ಇವರು ಹಾರೆ ತಂದರು. ರಮಣಮ್ಮ ಅಡ್ಡ ನಿಂತಳು. “ದೇವರಿರೋ ಗೋಡೆ ಭಾವಾ! ಹೊಟ್ಟೇಲಿರೋ ಕೂಸಿಗೆ ಕೆಟ್ಟದಾಗ್ತದೆ!” ಇವರು ಹಾರೆ ಎತ್ತಿ ಹಾಗೇ ನಿಂತರು. ನನ್ನನ್ನೇ ನೋಡಿದರು. ಎಲ್ಲರೂ ನನ್ನನ್ನೇ ನೋಡಿದರು.
“ಒಡೀರಿ” ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಕಿರುಚಿದೆ.
ಹೈಮಾಳ ಪಕ್ಕ ಕೂತಿದ್ದೇನೆ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ. ಹಾರೆಯ ಏಟು ಕೇಳುತ್ತಿದೆ. ಗಟ್ಟಿ ಗೋಡೆ, ನಾನೇ ನಿಂತು ಸಿಮೆಂಟ್ ಜಾಸ್ತಿ ಹಾಕಿಸಿದ್ದೆ. ಇವಳ ಕೈ ತಣ್ಣಗಾಗುತ್ತಿದೆ. ಸೈರನ್ ಯಾಕೆ ನಿಂತಿತು? ಹೊರಟುಹೋದರಾ? ಇಲ್ಲ, ಇಟ್ಟಿಗೆ ಬಿತ್ತು... ಯಾರೋ ಕೂಗುತ್ತಿದ್ದಾರೆ, ಸ್ಟ್ರೆಚರ್ ಅಂತ... ಹೈಮಾ, ಬಂದರು ಕಣೇ, ಕಣ್ಣು ಬಿಡು, ಹೈಮಾ —