ಬೆಳಗಿನ ಕೈಯನ್ನು ಮಧ್ಯಾಹ್ನ ನೋಡಿದ ಮಂಡಳಿಗೆ

ವೈದ್ಯಕೀಯ ಮಂಡಳಿಯ ಅಧ್ಯಕ್ಷರಾದ ಮಾನ್ಯರೇ,

ನನ್ನ ಕೈಗಳು ಸಂಪೂರ್ಣ ಸರಿಯಾಗಿವೆ ಎಂದು ಬರೆದುಕೊಟ್ಟಿದ್ದೀರಿ. ಧನ್ಯವಾದ. ಈ ಸಿಹಿಸುದ್ದಿಯನ್ನು ದಯವಿಟ್ಟು ನನ್ನ ಕೈಗಳಿಗೂ ತಿಳಿಸಿ, ಅವಕ್ಕಿನ್ನೂ ಗೊತ್ತಾದಂತಿಲ್ಲ. ಇವತ್ತು ಬೆಳಿಗ್ಗೆಯೂ ಪೇಸ್ಟಿನ ಮುಚ್ಚಳ ತಿರುಗಿಸಿಕೊಡಲು ಗಂಡನನ್ನು ಕೂಗಿದೆ. ನಿಮ್ಮ ಎರಡು ಸಾಲಿನ ಪ್ರಮಾಣಪತ್ರದ ದೆಸೆಯಿಂದ ಇಪ್ಪತ್ತಾರು ವರ್ಷದ ನನ್ನ ಕೆಲಸ ಹೋಗುವ ಹಂತಕ್ಕೆ ಬಂದಿದೆ. ಮುಂದಿನ ತಿಂಗಳು ಇಲಾಖಾ ವಿಚಾರಣೆ. ಮುಚ್ಚಿದ ಲಕೋಟೆಯಲ್ಲಿ ಮೂರು ಪತ್ರ ಬರೆದಾಯಿತು, ಅವು ನಿಮ್ಮ ಕಚೇರಿಯಲ್ಲಿ ಸುಖನಿದ್ರೆಯಲ್ಲಿವೆ. ಅದಕ್ಕೇ ಈ ಸಲ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಸರ್ಕಾರಿ ಮುದ್ರಣಾಲಯದ ಬೈಂಡಿಂಗ್ ವಿಭಾಗದಲ್ಲಿ ಪುಸ್ತಕ ಹೊಲಿಯುವವಳು. ಅಚ್ಚಾದ ದೊಡ್ಡ ಹಾಳೆಯನ್ನು ಮಡಿಸಿದರೆ ಹದಿನಾರು ಪುಟದ ಒಂದು ಕಟ್ಟು. ರಾಶಿಗಳಿಂದ ಒಂದೊಂದು ಕಟ್ಟು ಎತ್ತಿ, ಕ್ರಮವಾಗಿ ಜೋಡಿಸಿ, ಸೂಜಿ ದಾರದಲ್ಲಿ ಹೊಲಿದರೆ ಪುಸ್ತಕ. ಎತ್ತುವಾಗ ನಾವು ನಂಬುವುದು ಹೆಬ್ಬೆರಳನ್ನು. ಒಂದೇ ಬಂತೋ, ಎರಡು ಅಂಟಿಕೊಂಡು ಬಂತೋ ಎಂದು ಅದಕ್ಕೆ ಗೊತ್ತಾಗುತ್ತದೆ. ಪ್ರತಿಯೊಂದನ್ನೂ ನೋಡುತ್ತ ಕೂತರೆ ದಿನದ ಕೆಲಸ ಮುಗಿದ ಹಾಗೇ! ಹೊಸಬರು ಬಂದರೆ ಮೊದಲ ವಾರವಿಡೀ ಕಣ್ಣು ಮುಚ್ಚಿಸಿ ಕಟ್ಟು ಎಣಿಸಲು ಕಲಿಸುತ್ತೇವೆ. ಕಲಿಸುತ್ತಿದ್ದವಳು ನಾನೇ.

ಎರಡು ವರ್ಷದ ಹಿಂದೆ, ನಲವತ್ತೇಳಕ್ಕೆ, ನನ್ನ ಮುಟ್ಟು ಹಳಿ ತಪ್ಪಿತು. ಒಂದು ತಿಂಗಳು ಬಂದರೆ ಮೂರು ತಿಂಗಳು ನಾಪತ್ತೆ. ಅದರ ಬೆನ್ನಿಗೇ ನೋವು ಶುರುವಾಯಿತು. ಮೊದಲು ಬೆರಳಿನ ಗಿಣ್ಣು, ಆಮೇಲೆ ಭುಜ, ಸೊಂಟ, ಮಂಡಿ. ಬೆಳಿಗ್ಗೆ ಎದ್ದರೆ ಯಾರೋ ಹಿಡಿದು ಬಡಿದು ಹಾಕಿದ ಹಾಗೆ ಮೈ. ಮೂಳೆ ಡಾಕ್ಟರು ಎಕ್ಸ್‌-ರೇ ನೋಡಿ, "ಏನೂ ಇಲ್ಲಮ್ಮಾ, ವಯಸ್ಸಾಯ್ತಲ್ಲ" ಅಂದರು. ನಮ್ಮತ್ತೆ, "ಇಷ್ಟು ಬೇಗ ಏನು ವಯಸ್ಸೇ ನಿನಗೆ? ಎಲ್ಲಾ ಸೋಮಾರಿತನ" ಅಂದರು. ಇಬ್ಬರ ನಡುವೆ ನಾನು ಮುದುಕಿಯೂ ಆದೆ, ಸೋಮಾರಿಯೂ ಆದೆ. ಕೊನೆಗೆ ಹೆಂಗಸರ ಡಾಕ್ಟರೊಬ್ಬರು ರಕ್ತಪರೀಕ್ಷೆ ಮಾಡಿಸಿ, ಸಂಧಿವಾತ, ಥೈರಾಯ್ಡ್ ಎರಡೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಎದುರಿಗೆ ಕೂರಿಸಿಕೊಂಡು ಹೇಳಿದರು: "ಮುಟ್ಟು ನಿಲ್ಲೋಕೆ ಮುಂಚಿನ ವರ್ಷಗಳಲ್ಲಿ ಹಾರ್ಮೋನು ಏರುಪೇರಾಗುತ್ತೆ. ಕೀಲು, ಸ್ನಾಯು ಹಿಡ್ಕೊಳ್ಳೋದು ಎಷ್ಟೋ ಜನಕ್ಕಿದೆ. ನೀವೇನೂ ಕಲ್ಪಿಸಿಕೊಳ್ತಿಲ್ಲ." ಆ ಕೊನೆಯ ಮಾತಿಗೆ ನಾನು ಗೊಳೋ ಎಂದು ಅತ್ತುಬಿಟ್ಟೆ.

ಅವರು ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಿದ್ದೇನೆ. ಎದ್ದ ತಕ್ಷಣ ಬಿಸಿನೀರಿನ ಪಾತ್ರೆಯಲ್ಲಿ ಕೈ. ಆಮೇಲೆ ಗೋಡೆಯ ಮೇಲೆ ಬೆರಳು ಹತ್ತಿಸುತ್ತ ಭುಜ ಸಡಿಲಿಸುವುದು. ಆಮೇಲೆ ಒಂದೊಂದು ಕಿಲೋ ತೂಕ ಹಿಡಿದು ಎತ್ತಿಳಿಸುವುದು. "ಏನೇ, ಕುಸ್ತಿಗೆ ಹೆಸರು ಕೊಟ್ಟಿದ್ದೀಯಾ?" ಎಂದು ಗಂಡ ರೇಗಿಸುತ್ತಾರೆ. ಫಲವೂ ಸಿಕ್ಕಿದೆ. ಒಂಬತ್ತೂವರೆ ಹೊತ್ತಿಗೆ ಕೈ ನನ್ನ ಮಾತು ಕೇಳತೊಡಗುತ್ತದೆ. ಆದರೆ ನಮ್ಮ ಪಾಳಿ ಶುರುವಾಗುವುದು ಏಳೂವರೆಗೆ.

ಎಡವಟ್ಟಾದದ್ದು ಆ ಎರಡು ಗಂಟೆಯಲ್ಲೇ. ಸೇವಾ ನಿಯಮಾವಳಿಯ ಪುಸ್ತಕ ಜೋಡಿಸುತ್ತಿದ್ದೆ. ಹೆಬ್ಬೆರಳು ಮರದ ತುಂಡಾಗಿತ್ತು. ಏಳನೆಯ ರಾಶಿಯಿಂದ ಎರಡು ಕಟ್ಟು ಬಂತು, ಎಂಟನೆಯದರ ಮೇಲೆ ಬೆರಳು ಜಾರಿ ಒಂದೂ ಬರಲಿಲ್ಲ. ಒಟ್ಟು ದಪ್ಪ ಸರಿಯಿತ್ತು, ಯಾರಿಗೂ ಅನುಮಾನ ಬರಲಿಲ್ಲ. ಹೀಗೆ ನಲವತ್ತು ಪ್ರತಿ. ಅವುಗಳಲ್ಲಿ ನೂರಹದಿಮೂರನೆಯ ಪುಟದಿಂದ ನೂರಿಪ್ಪತ್ತೆಂಟರವರೆಗೆ ಇಲ್ಲ. ಅಲ್ಲಿರಬೇಕಾದದ್ದು ಯಾವ ಅಧ್ಯಾಯ ಗೊತ್ತೇ ಮಾನ್ಯರೇ? ವೈದ್ಯಕೀಯ ರಜೆ ಮತ್ತು ವೈದ್ಯಕೀಯ ಪರೀಕ್ಷೆ! ಪುಸ್ತಕಗಳು ಕಚೇರಿ ಕಚೇರಿಗೆ ಹಂಚಿಕೆಯಾದವು. ಒಂದು ಪ್ರತಿ ನಿಮ್ಮಲ್ಲಿಗೂ ಬಂತು. ಐದು ತಿಂಗಳು ಒಬ್ಬರೂ ಚಕಾರವೆತ್ತಲಿಲ್ಲ. ಆಮೇಲೆ ಯಾವುದೋ ಕಚೇರಿಯವರು ರಜೆಯ ನಿಯಮ ಹುಡುಕಿದಾಗ ಬಯಲಾಯಿತು. ತಪ್ಪು ನನ್ನದು, ಬರೆದು ಒಪ್ಪಿಕೊಂಡಿದ್ದೇನೆ. ನನ್ನದು 'ನಿರ್ಲಕ್ಷ್ಯ' ಎಂದು ನೋಟಿಸು ಬಂದಿದೆ. ನಿಯಮ ಪಾಲಿಸಬೇಕಾದವರು ಐದು ತಿಂಗಳು ಆ ಪುಸ್ತಕ ತೆರೆಯದೇ ಇದ್ದದ್ದಕ್ಕೆ ಏನು ಹೆಸರು?

ನಮ್ಮ ಮೇಲ್ವಿಚಾರಕರು ಒಳ್ಳೆಯವರು. "ನೋವಿರೋದು ನಿಜ ಅಂತ ಮಂಡಳಿಯಿಂದ ಬರೆಸ್ಕೊಂಡು ಬಾಮ್ಮಾ. ವಿಚಾರಣೇಲಿ ನಾನೂ ಮಾತಾಡ್ತೀನಿ. ಬೆಳಗಿನ ಮೊದಲೆರಡು ಗಂಟೆ ಬರೀ ಕಣ್ಣಲ್ಲಿ ನೋಡೋ ತಪಾಸಣೆ ಮೇಜಿಗೆ ಹಾಕ್ತೀನಿ" ಅಂದರು. ನಿಮ್ಮ ಅರ್ಜಿ ತುಂಬಲು ಕೂತೆ. ನೋವಿಗೆ ಕಾರಣ: ಅಪಘಾತ, ಸೋಂಕು, ಹೆರಿಗೆ, ವೃದ್ಧಾಪ್ಯ. ನಾಲ್ಕೇ ಚೌಕ, ಒಂದಕ್ಕೆ ಟಿಕ್ ಹಾಕಬೇಕು. ಅಂದರೆ ಹೆಂಗಸಿಗೆ ಹೆರಿಗೆಯಿಂದ ನೇರ ವೃದ್ಧಾಪ್ಯಕ್ಕೇ ಬಡ್ತಿ. ನಡುವಿನ ಇಷ್ಟು ವರ್ಷ ನಾವು ಎಲ್ಲಿದ್ದು ಸಾಯಬೇಕು? 'ಮುಟ್ಟು ನಿಲ್ಲುವ ಮುಂಚಿನ ಏರುಪೇರು' ಎಂದು ಚೌಕಗಳ ಕೆಳಗೆ ಕೈಯಲ್ಲಿ ಬರೆದೆ. ಅದಕ್ಕೆ ನಿಮ್ಮ ಗುಮಾಸ್ತರು ಅರ್ಜಿಯನ್ನು ಎರಡು ಸಲ ವಾಪಸು ಕಳಿಸಿದರು.

ಅಂತೂ ಕರೆದಿರಿ, ಮಧ್ಯಾಹ್ನ ಮೂರು ಗಂಟೆಗೆ. ಲಿಫ್ಟು ಕೆಟ್ಟಿತ್ತು. ನಾಲ್ಕು ಮಹಡಿ ಹತ್ತಿ ಬರುವಷ್ಟರಲ್ಲಿ ಮೈಯೆಲ್ಲ ಬಿಸಿಯಾಗಿ ಸಡಿಲವಾಗಿತ್ತು. ವೈದ್ಯಾಧಿಕಾರಿ "ಕೈ ಎತ್ತಿ" ಅಂದರು, ಎತ್ತಿದೆ. "ಮುಷ್ಟಿ ಹಿಡೀರಿ" ಅಂದರು, ಹಿಡಿದೆ.

"ಚೆನ್ನಾಗೇ ಇದೆಯಲ್ಲಮ್ಮಾ?"

"ಡಾಕ್ಟ್ರೇ, ಇದು ಮಧ್ಯಾಹ್ನದ ಕೈ. ನೀವು ಬೆಳಿಗ್ಗೆ ನೋಡ್ಬೇಕು."

"ಬೆಳಿಗ್ಗೆ ನಾವು ಬರೋದೇ ಹತ್ತೂವರೆಗೆ. ಮನೇಲಿ ಏನಾದ್ರೂ ಟೆನ್ಷನ್ನಾ?"

ಟೆನ್ಷನ್ ಇದೆ ಸ್ವಾಮೀ, ಅದು ನಿಮ್ಮ ಕಚೇರಿಯಿಂದಲೇ ಬಂದದ್ದು! ಎಂದು ಮನಸ್ಸಿನಲ್ಲೇ ಅಂದುಕೊಂಡು, ಹೆಂಗಸರ ಡಾಕ್ಟರು ಬರೆದುಕೊಟ್ಟ ಪತ್ರ ಚಾಚಿದೆ. ಅದನ್ನು ಅವರು ಬಿಡಿಸಿಯೂ ನೋಡಲಿಲ್ಲ. ನಾಲ್ಕು ನಿಮಿಷದಲ್ಲಿ ನಾನು ಆರೋಗ್ಯವಂತೆಯಾಗಿ ಹೊರಗಿದ್ದೆ.

ಈಗ ನೋವು ಸುಳ್ಳು ಎಂದಾದ ಮೇಲೆ, ನಲವತ್ತು ಪುಸ್ತಕ ಬೇಕೆಂದೇ ಕೆಡಿಸಿದಂತಾಯಿತಲ್ಲ? ನನ್ನ ಪಕ್ಕದ ಕುರ್ಚಿಯವಳಿಗೆ ನಲವತ್ತೈದು. ಆರು ತಿಂಗಳಿಂದ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಬರುತ್ತಿದ್ದಳು. ನಿಮ್ಮ ಪ್ರಮಾಣಪತ್ರ ಬಂದ ಮರುದಿನ ಪಟ್ಟಿ ಬಿಚ್ಚಿ ಚೀಲಕ್ಕೆ ತುರುಕಿದಳು. "ನಿಮಗೇ ಹೀಗಾದ್ರೆ ನಾನಿನ್ನು ಬಾಯೇ ಬಿಡಲ್ಲಕ್ಕಾ" ಅಂದಳು. ಹಲ್ಲು ಕಚ್ಚಿಕೊಂಡು ಹೊಲಿಯುತ್ತಿದ್ದಾಳೆ. ಅದನ್ನು ನೋಡಿದಾಗ ನನಗೆ ಬಂದ ಸಿಟ್ಟು ನನ್ನ ಕೆಲಸದ ಬಗ್ಗೆ ಯೋಚಿಸಿದಾಗಲೂ ಬಂದಿರಲಿಲ್ಲ.

ನನಗೆ ನಿಮ್ಮ ಕನಿಕರ ಬೇಡ, ಪಿಂಚಣಿ ಕೊಟ್ಟು ಮನೆಗೆ ಕಳಿಸುವುದೂ ಬೇಡ. ವಿಚಾರಣೆಗೆ ಮುಂಚೆ ಒಂದೇ ಒಂದು ದಿನ, ಬೆಳಿಗ್ಗೆ ಏಳೂವರೆಗೆ, ನಿಮ್ಮ ವೈದ್ಯಾಧಿಕಾರಿಯನ್ನು ನಮ್ಮ ಮೇಜಿನ ಹತ್ತಿರ ಕಳಿಸಿ. ಸೂಜಿಗೆ ದಾರ ಪೋಣಿಸು ಅನ್ನಲಿ. ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರ ನೋಡಿ ಬರೆದುಕೊಳ್ಳಲಿ. ಒಂಬತ್ತೂವರೆಯವರೆಗೆ ಅಲ್ಲೇ ಕೂತು, ಮತ್ತೊಮ್ಮೆ ಪೋಣಿಸು ಅನ್ನಲಿ. ಎರಡನ್ನೂ ಪ್ರಮಾಣಪತ್ರದಲ್ಲಿ ಹಾಕಲಿ. ಪಕ್ಕದ ಕುರ್ಚಿಯವಳನ್ನೂ ಕೇಳಲಿ. ಅವಳು "ಏನೂ ಇಲ್ಲ ಸಾರ್" ಅಂದೇ ಅನ್ನುತ್ತಾಳೆ. ಆಗ ಅವಳ ಮುಖವನ್ನು ಸ್ವಲ್ಪ ನೋಡಲಿ.

ಇಂತಿ,
ನಿಮ್ಮ ಕಡತದಲ್ಲಿ ಯಾವ ನೋವೂ ಇಲ್ಲದ,
ಹೊಲಿಗೆ ಮೇಜಿನ ಮೂರನೆಯ ಕುರ್ಚಿಯವಳು
(ಮುಂದಿನ ತಿಂಗಳವರೆಗಂತೂ)