ಕೂಗದ ಬಿಲ್ಲೆಗಾಗಿ ನಾನು ಕೂಗಿದ್ದು

ಹದಿನಾಲ್ಕನೇ ತಾರೀಖು, ಮಂಗಳವಾರ
ಅಂಗಡಿಯಿಂದ

ನನ್ನ ತಂಗಿಯ ಮಗಳು ಮೆಣಸಿನಕಾಳಿಗೆ,

ಮಾಮನ ಆಶೀರ್ವಾದ. ನೀನು ಮಾಡಿದ ಫೋನುಗಳು, ಕಳಿಸಿದ ಸಂದೇಶಗಳು ಎಲ್ಲವೂ ತಲುಪಿವೆ. ಒಂದಕ್ಕೂ ಉತ್ತರ ಕೊಡಲಿಲ್ಲ, ಕ್ಷಮಿಸು. ಮೂವತ್ತೆರಡು ವರ್ಷ ಮೈಕ್ ಹಿಡಿದು ಊರಿಗೆಲ್ಲ ಕೂಗಿದವನ ಬಾಯಿ ಕಟ್ಟಿತೆಂದರೆ ನೀನು ನಂಬಲಾರೆ, ಆದರೆ ಆದದ್ದು ಅದೇ. ಬಾಯಲ್ಲಿ ಆಗದ್ದನ್ನು ಕೈಯಲ್ಲಾದರೂ ಮಾಡೋಣ ಎಂದು ಕೂತಿದ್ದೇನೆ. ಏಳನೇ ಕ್ಲಾಸಿನ ಅಕ್ಷರ ನನ್ನದು. ಆದರೂ ನಿನ್ನ ಜೊತೆಗಾರ ಇಂಜಿನಿಯರನ ಅಕ್ಷರಕ್ಕಿಂತ ದುಂಡಗಿದೆ, ಬೇಕಾದರೆ ಪಕ್ಕದಲ್ಲಿಟ್ಟು ನೋಡು.

ಶನಿವಾರ ಹಣ ಹೂಡುವವರ ಸಭೆ ಇದೆ, ಅತ್ತೆಯನ್ನು ಕರೆದುಕೊಂಡು ಬಾ, ನಮ್ಮ ಬಿಲ್ಲೆ ಅವಳ ಜೀವ ಉಳಿಸಿದ ಕಥೆಯನ್ನು ಅವರೆದುರು ಇನ್ನೊಮ್ಮೆ ಹೇಳು ಎಂದು ಕೇಳಿದ್ದೀಯ. ಕೇಳಿದ ಮೇಲೆ ಅವರು ಅಲ್ಲೇ ಸಹಿ ಹಾಕುತ್ತಾರಂತೆ, ಮುಂದಿನ ತಿಂಗಳಿಂದ ಸಾವಿರಗಟ್ಟಲೆ ಬಿಲ್ಲೆ ತಯಾರಾಗುತ್ತವಂತೆ. ನಾನು ಬರುವುದಿಲ್ಲ. ಅತ್ತೆಯೂ ಬರುವುದಿಲ್ಲ. ಯಾಕೆಂದು ಮೊದಲಿಂದ ಹೇಳುತ್ತೇನೆ, ಬೇರೆಯವರು ಓದಿದರೂ ಅರ್ಥವಾಗಲಿ.

ಹೋದ ವರ್ಷ ನಿನ್ನ ಆಫೀಸಿಗೆ ಮೊದಲ ಸಲ ಬಂದೆನಲ್ಲ, ಟೈರ್ ಅಂಗಡಿಯ ಮೇಲಿನ ಕೋಣೆ, ನಾಲ್ಕು ಕುರ್ಚಿ, ಅದರಲ್ಲೊಂದು ಗೋಡೆಗೆ ಒರಗಿಸಿದರೆ ಮಾತ್ರ ನಿಲ್ಲುವಂಥದ್ದು. ಮೇಜಿನ ತುಂಬ ಕೊರಳಿಗೆ ಹಾಕುವ ಬಿಲ್ಲೆಗಳು. ವಯಸ್ಸಾದವರು ಬಿದ್ದರೆ ಬಿಲ್ಲೆಗೆ ತಾನೇ ತಿಳಿದು ಮನೆಯವರ ಫೋನಿಗೆ ಕೂಗುತ್ತದೆ ಎಂದು ನೀನು ಹೇಳಿದೆ. ಸರಕು ಚೆನ್ನಾಗಿತ್ತು, ಕೇಳುವವರೇ ಇರಲಿಲ್ಲ. ನೂರಾ ಹತ್ತು ಪತ್ರಕರ್ತರಿಗೆ ಒಂದೇ ಕಾಗದ ಕಳಿಸಿ, ಒಬ್ಬರೂ ಉತ್ತರ ಬರೆಯಲಿಲ್ಲ ಎಂದು ನೀನು ಮೂಗು ಒರೆಸಿಕೊಳ್ಳುತ್ತಿದ್ದೆ.

"ನೂರು ಜನಾನ ಒಟ್ಟಿಗೆ ಕೂಗಿದ್ರೆ ಯಾರೂ ತಿರುಗಲ್ಲ ಕಣೇ. ಒಬ್ಬರ ಹೆಸರು ಹಿಡಿದು ಕೂಗು. ಅವರು ತಿರುಗಿದ್ರೆ ಬೀದಿಗೆ ಬೀದಿನೇ ತಿರುಗತ್ತೆ" ಎಂದೆ ನಾನು.

"ಮಾಮ, ಇದು ಮೈಕ್ ಸೆಟ್ ಅಲ್ಲ, ಸ್ಟಾರ್ಟಪ್ಪು."

"ಎರಡಕ್ಕೂ ಕರೆಂಟು ಬೇಕು, ಜನ ಬೇಕು. ಇನ್ನೇನೇ ವ್ಯತ್ಯಾಸ?"

ನೀನು ನಕ್ಕೆ. ಆದರೆ ಎರಡು ತಿಂಗಳ ಪೇಪರು ರಾಶಿ ಹಾಕಿಕೊಂಡು, ಭಾನುವಾರದ ಪುಟದಲ್ಲಿ ವಯಸ್ಸಾದವರ ಕಷ್ಟಸುಖ ಬರೆಯುವ ಆ ವರದಿಗಾರ್ತಿಯನ್ನು ಹುಡುಕಿದವನು ಯಾರು? ನಾನು. ನಿನ್ನ ಹತ್ತು ಪುಟದ ವಿವರಣೆಯನ್ನು ಒಂದು ಪುಟಕ್ಕೆ ಇಳಿಸಿದವನು? ಅದೂ ನಾನೇ. "ಜಗತ್ತನ್ನೇ ಬದಲಾಯಿಸ್ತೀವಿ" ಎಂಬ ಸಾಲನ್ನು ಹೊಡೆದುಹಾಕಿ, "ಅಪ್ಪ ಬಿದ್ದರೆ ಮಗಳಿಗೆ ತಿಳಿಯುತ್ತದೆ" ಎಂದು ಬರೆಸಿದೆ. ನಿಮ್ಮ ಓದೆಲ್ಲ ಸೇರಿದರೂ ಆ ಒಂದು ಸಾಲು ಹುಟ್ಟಿರಲಿಲ್ಲ. ಅವಳ ಹತ್ತಿರ ಹದಿನೈದು ನಿಮಿಷ ಸಮಯ ಕೇಳು, ಕೈಗೆ ಬಿಲ್ಲೆ ಕೊಡು, ಬಾಯಿ ಮುಚ್ಚಿಕೊಂಡು ಅವಳ ಪ್ರಶ್ನೆಗೆ ಕಾಯಿ ಎಂದಿದ್ದೆ. ಅವಳು ಬಂದಳು, ನೋಡಿದಳು, ಕೇಳಿದಳು.

"ಇದರಿಂದ ಯಾರಾದ್ರೂ ಉಳಿದಿದ್ದಾರಾ?"

ನೀನು, "ಇಪ್ಪತ್ತು ಮನೆಗೆ ಪರೀಕ್ಷೆಗೆ ಕೊಟ್ಟಿದೀವಿ, ಇನ್ನೂ ಅಂಥದ್ದು..." ಎನ್ನುತ್ತಿದ್ದಂತೆ ಅವಳು ಪೆನ್ನಿಗೆ ಮುಚ್ಚಳ ಹಾಕತೊಡಗಿದಳು. ನನಗೆ ತಡೆಯಲಾಗಲಿಲ್ಲ. ಚದುರುವ ಜನರನ್ನು ನಿಲ್ಲಿಸುವುದೇ ನನ್ನ ಹೊಟ್ಟೆಪಾಡು.

"ನನ್ನ ಹೆಂಡ್ತಿ ಉಳಿದಿದ್ದಾಳೆ" ಎಂದುಬಿಟ್ಟೆ.

ಪೆನ್ನಿನ ಮುಚ್ಚಳ ಮತ್ತೆ ತೆರೆಯಿತು. ಸ್ನಾನದ ಮನೆಯಲ್ಲಿ ನಿನ್ನತ್ತೆ ಜಾರಿಬಿದ್ದದ್ದು, ನಾನು ಬೀದಿಯ ಕೊನೆಯಲ್ಲಿದ್ದದ್ದು, ಒಂಬತ್ತೇ ಸೆಕೆಂಡಿಗೆ ನನ್ನ ಫೋನು ಅರಚಿಕೊಂಡದ್ದು, ಚಪ್ಪಲಿ ಬಿಟ್ಟು ಓಡಿದ್ದು, ಎಲ್ಲ ಹೇಳಿದೆ. ಒಂಬತ್ತು ಎಂಬುದೂ ನನ್ನದೇ. ಹತ್ತು ಎಂದರೆ ಸುಳ್ಳಿನಂತೆ ಕೇಳುತ್ತದೆ. ನೀನು ಬೆರಗಾಗಿ ನನ್ನ ಮುಖ ನೋಡಿದೆ. ನಿನಗೆ ಇದೇನೂ ಗೊತ್ತಿರಲಿಲ್ಲ.

ಅದಕ್ಕೆ ಮೊದಲು ನಿಜವಾಗಿ ನಡೆದದ್ದು ಇಷ್ಟು. ಸ್ನಾನದ ಮನೆಯಲ್ಲಿ ನಿನ್ನತ್ತೆಗೆ ತಲೆ ಸುತ್ತಿತು, ಗೋಡೆಗೆ ಬೆನ್ನು ಕೊಟ್ಟು ಮೆಲ್ಲಗೆ ಜಾರುತ್ತ ನೆಲಕ್ಕೆ ಕೂತಳು. ಏಳಲಾಗಲಿಲ್ಲ. ನೀನು ಪರೀಕ್ಷೆಗೆಂದು ಕೊಟ್ಟ ಬಿಲ್ಲೆ ಕೊರಳಲ್ಲೇ ಇತ್ತು, ಕೂಗಲಿಲ್ಲ. ಅವಳು ಚೊಂಬಿನಿಂದ ಬಕೆಟ್ಟು ಬಡಿದಳು. ಒಳಗೇ ಇದ್ದ ನಾನು ಆ ಸದ್ದಿಗೆ ಹೋದೆ. ಧೊಪ್ಪನೆ ಬಿದ್ದರೆ ಬಿಲ್ಲೆಗೆ ತಿಳಿಯುತ್ತದೆ, ಮೆಲ್ಲಗೆ ಜಾರಿದರೆ ತಿಳಿಯುವುದಿಲ್ಲ. ಇದನ್ನು ಅಂದೇ ಬಂದು ಹೇಳಿದ್ದರೆ ನೀವು ಸರಿಮಾಡುತ್ತಿದ್ದಿರಿ. ತಂಗಿಯ ಮಗಳ ಸರಕಿಗೆ ಕೊಂಕು ನುಡಿಯುವುದು ಯಾಕೆ ಎಂದು ಸುಮ್ಮನಿದ್ದೆ. ಆಮೇಲೆ ಸುಮ್ಮನಿರದೆ ಕೆಟ್ಟೆ.

ಪೇಪರಿನಲ್ಲಿ ಅರ್ಧ ಪುಟ ಬಂತು. ಐದು ತಿಂಗಳು ಬಾಗಿಲು ತೆರೆಯದ ಹೂಡಿಕೆದಾರರು ತಾವಾಗಿ ಫೋನ್ ಮಾಡಿದರು. ಅತ್ತೆ ಮಾತ್ರ ಪೇಪರು ಮಡಚಿಟ್ಟು, "ನನ್ನನ್ನ ಕೇಳದೆ ನನ್ನ ಬೀಳಿಸಿದ್ರಲ್ಲ" ಎಂದಳು. ನಾನು ತಮಾಷೆ ಮಾಡಿ ತೇಲಿಸಿದೆ.

ಎರಡು ಬೀದಿ ಆಚೆಯ ಟೈಲರಮ್ಮ ಅದನ್ನೇ ಓದಿ ತನ್ನ ಅಪ್ಪನಿಗೆ ಬಿಲ್ಲೆ ಕೊಂಡಳು. ಅಲ್ಲಿಯವರೆಗೆ ದಿನವೂ ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಮನೆಗೆ ಹೋಗಿ ಅಪ್ಪನನ್ನು ನೋಡಿಬರುತ್ತಿದ್ದಳು. ಬಿಲ್ಲೆ ಬಂದ ಮೇಲೆ ಹೋಗುವುದು ನಿಲ್ಲಿಸಿದಳು. ಹೋದ ತಿಂಗಳು ಆ ಮುದುಕ ಬೆಳಿಗ್ಗೆಯೇ ಕುರ್ಚಿಯಿಂದ ಜಾರಿ ನೆಲ ಸೇರಿದ. ಅವಳು ಸಂಜೆ ಬಾಗಿಲು ತೆಗೆಯುವವರೆಗೆ ಅಲ್ಲೇ ಇದ್ದ. ಮೂರು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡ.

ಹೋದ ಶುಕ್ರವಾರ ಅವಳು ನನ್ನ ಅಂಗಡಿಗೆ ಬಂದಳು, ಕೈಯಲ್ಲಿ ಆ ಪೇಪರಿನ ತುಂಡು. ಕೂಗಾಡಿದ್ದರೆ ನಾನೂ ಕೂಗುತ್ತಿದ್ದೆ, ಆ ವಿದ್ಯೆ ನನಗಿದೆ. ಅವಳು ಮೆಲ್ಲಗೆ ಕೇಳಿದಳು.

"ಅಣ್ಣಾ, ನಿಮ್ಮ ಮನೇಲಿ ಕೂಗಿತಲ್ಲ, ನಮ್ಮ ಮನೇಲಿ ಯಾಕೆ ಕೂಗಲಿಲ್ಲ? ನಾನೇ ತಿರುಗುಮುರುಗಾ ಹಾಕಿದ್ನಾ? ನೀವು ಹೇಗೆ ಹಾಕಿದ್ರಿ, ಸ್ವಲ್ಪ ತೋರಿಸ್ತೀರಾ?"

ನಾನು ಮೈಕಿನ ವಯರು ಸುತ್ತುತ್ತ ಕೂತೆ. ಒಳಗಿಂದ ನಿನ್ನತ್ತೆ ಬಂದು ಅವಳ ಪಕ್ಕ ನಿಂತಳು.

"ನಮ್ಮ ಮನೇಲೂ ಕೂಗಲಿಲ್ಲಮ್ಮ" ಎಂದಳು.

ಟೈಲರಮ್ಮ ಪೇಪರಿನ ತುಂಡನ್ನು ನನ್ನ ಮೇಜಿನ ಮೇಲೆ ಬಿಟ್ಟು ಹೋದಳು. ಅಂದಿನಿಂದ ಅತ್ತೆ ನನ್ನೊಡನೆ ಮಾತಾಡಿಲ್ಲ. ಊಟಕ್ಕೆ ಕರೆಯುವುದೂ ತಟ್ಟೆ ಕುಕ್ಕಿಯೇ.

ಆದ್ದರಿಂದ ಮೆಣಸಿನಕಾಳೇ, ಶನಿವಾರ ನನ್ನ ಬದಲು ಈ ಕಾಗದವನ್ನು ಅವರ ಮುಂದಿಡು. ಸುಳ್ಳು ಹೇಳಿದವನು ನಾನೊಬ್ಬನೇ. ನನ್ನ ತಂಗಿಯ ಮಗಳಿಗಾಗಲಿ, ಅವಳ ಜೊತೆಗಾರನಿಗಾಗಲಿ ಏನೂ ಗೊತ್ತಿರಲಿಲ್ಲ. ಇದರ ಇನ್ನೊಂದು ಪ್ರತಿಯನ್ನು ವರದಿಗಾರ್ತಿಗೆ ಇವತ್ತೇ ಅಂಚೆಗೆ ಹಾಕುತ್ತೇನೆ. ಸಹಿ ಮಾಡುವವರು ಹಿಂದೆ ಸರಿಯಬಹುದು, ಸರಿಯಲಿ. ಕೊಂಡ ಮನೆಗಳಿಗೆಲ್ಲ ಮೊದಲು ಹೋಗಿ ಬಿಲ್ಲೆ ವಾಪಸ್ ತಾ. ಮೆಲ್ಲಗೆ ಜಾರಿದವರಿಗೂ ಕೂಗುವಂತೆ ಮಾಡು, ಆಮೇಲೆ ಮಾರು. ಆ ಬುದ್ಧಿ ನಿನಗಿದೆ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೈಗೆ ಒಳ್ಳೆಯ ಕೆಲಸ ಹತ್ತಲಿ, ಆ ಕೆಲಸದ ಜೊತೆ ನಿದ್ದೆಯೂ ಹತ್ತಲಿ.

ನಿನ್ನ ಸೋದರಮಾವ,
ಮೈಕ್ ಮಾಮ

ತಾ.ಕ.: ಇದನ್ನು ಬೇರೆ ಚೀಟಿಯಲ್ಲಿ ಬರೆದಿದ್ದೇನೆ, ವರದಿಗಾರ್ತಿಯ ಪ್ರತಿಯಲ್ಲಿ ಇದು ಇಲ್ಲ. ಶನಿವಾರದ ಸಭೆಗೆ ಮೊದಲು ಹರಿದುಹಾಕು, ಅಥವಾ ಹರಿಯಬೇಡ, ನಿನಗೆ ಬಿಟ್ಟದ್ದು. ಪೇಪರಿನಲ್ಲಿ ಬಂದ ಮಾರನೇ ದಿನ ನಾನು ಮೀಸೆ ತಿರುವುತ್ತ ಆಫೀಸಿಗೆ ಬಂದಾಗ ನಿನ್ನ ಕಂಪ್ಯೂಟರಿನಲ್ಲಿ ಒಂದು ಪಟ್ಟಿ ತೆರೆದಿತ್ತು. ಯಾವ ಬಿಲ್ಲೆ ಎಷ್ಟು ಸಲ ಕೂಗಿದೆ ಎಂಬುದರ ಪಟ್ಟಿ. ಹನ್ನೊಂದನೇ ನಂಬರು ಅತ್ತೆಯದು, ಅದರೆದುರು ಸೊನ್ನೆ. ಅಷ್ಟು ಓದಲು ನನಗೆ ಬರುತ್ತದೆ. ನಾನು ಓದಿದ್ದನ್ನು ನೀನು ನೋಡಿದೆ. "ಮಾಮ, ಇದು ಸುಳ್ಳು" ಎಂದು ಅಂದೇ ಒಂದು ಮಾತು ಅಂದಿದ್ದರೆ ನಾಲ್ಕು ಜನರೆದುರು ನನ್ನ ಮಾನ ಹೋಗುತ್ತಿತ್ತು, ಅಷ್ಟೇ. ನೀನು ಪರದೆ ಆರಿಸಿ ನನಗೆ ಟೀ ತರಿಸಿದೆ. ನಾನೂ ಕುಡಿದೆ. ಟೈಲರಮ್ಮ ಬಿಲ್ಲೆ ಕೊಂಡದ್ದು ಅದಾಗಿ ಹದಿಮೂರು ದಿನಕ್ಕೆ.