ಹಳೆಯ ಬಸ್ಸಿನ ಸದ್ದಿನ ಬಗ್ಗೆ ಅರಿಕೆ

ಬ್ಲಾಂಚರ್ಡ್ಸ್‌ಟೌನ್

ಡಿಪೋದಲ್ಲಿ ಯಾವ ಮಾರ್ಗಕ್ಕೆ ಯಾವ ಬಸ್ಸೆಂದು ನಿಗದಿಪಡಿಸುವ ಶ್ರೀ ವಿವಿಯನ್ ಅವರ ಸನ್ನಿಧಿಗೆ,

ಮಾನ್ಯರೇ,

ತಾವು ಕನ್ನಡ ಬಲ್ಲವರೆಂದು ತಿಳಿದು ಅರಿಕೆ ಮಾಡಿಕೊಳ್ಳುತ್ತಿದ್ದೇನೆ. ನಮ್ಮ ಬೀದಿಗೆ ಎಲೆಕ್ಟ್ರಿಕ್ ಬಸ್ಸುಗಳನ್ನು ಬಿಟ್ಟಿರುವುದು ಸ್ತುತ್ಯರ್ಹ. ಅದರ ಮೇಲೆ ನನ್ನ ದೂರೇನೂ ಇಲ್ಲ.

ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ನಮ್ಮ ಮಗಳು ವಸುಧಾ ಸಂಜೆಯ ಡೀಸೆಲ್ ಬಸ್ಸಿನಲ್ಲಿ ಮನೆಗೆ ಬರುತ್ತಿದ್ದಳು. ಮಗಳು ತೀರಿಕೊಂಡದ್ದು ನನ್ನ ಪತ್ನಿ ಇಂದಿರೆಯ ನೆನಪಿನಲ್ಲಿ ನಿಂತಿಲ್ಲ. ತಿರುವಿನಲ್ಲಿ ಬಸ್ಸು ಗುರುಗುಟ್ಟಿದೊಡನೆ, "ಬಂದ್ಲು ಕಣ್ರೀ, ಸಾರು ಬಿಸಿ ಮಾಡ್ತೀನಿ" ಎಂದು ಏಳುತ್ತಿದ್ದಳು. ಸಾರು ಕುದಿಯುವಷ್ಟರಲ್ಲಿ ಅದು ಯಾರಿಗೆಂಬುದನ್ನು ಮರೆತು ನನ್ನೊಡನೆ ಊಟಕ್ಕೆ ಕೂರುತ್ತಿದ್ದಳು.

ಹೊಸ ಬಸ್ಸು ಸದ್ದಿಲ್ಲದೆ ಬಂದು ಹೋಗುತ್ತದೆ. "ಬಸ್ಸೇ ಬರ್ಲಿಲ್ವಲ್ರೀ, ಅವಳನ್ನ ಬಿಟ್ಟು ಹೇಗೆ ಊಟ ಮಾಡ್ಲಿ?" ಎಂದು ತಟ್ಟೆ ಸರಿಸುತ್ತಾಳೆ. ಈ ಪರದೇಶಕ್ಕೆ ಬರುವ ಮುನ್ನ ನಮ್ಮೂರಿನ ತಾಲ್ಲೂಕು ಕಚೇರಿಯಲ್ಲಿ ಬಹುಕಾಲ ಪರರ ಅರ್ಜಿಗಳನ್ನು ಬರೆದು ಗೌರವದಿಂದ ನಿವೃತ್ತನಾದ ನಾನು, ಮೊನ್ನೆ ಬಾಗಿಲ ಹೊರಗೆ ನಿಂತು ಬಸ್ಸಿನಂತೆ ಸದ್ದು ಮಾಡಿದೆ. "ಕೆಮ್ಮೇನ್ರೀ? ಒಳಗೆ ಬನ್ನಿ, ಶಾಲು ಹೊದ್ಕೊಳ್ಳಿ" ಎಂದಳು.

ಆದಕಾರಣ, ಹಳೆಯ ಬಸ್ಸುಗಳನ್ನು ಈಗ ಯಾವ ಊರಿನ ಮಾರ್ಗಕ್ಕೆ ಹಾಕಿದ್ದೀರೆಂದು ದಯಮಾಡಿ ತಿಳಿಸಬೇಕು. ಅಲ್ಲಿಗೆ ಹೋಗಿ ಅವುಗಳ ಸದ್ದನ್ನು ಫೋನಿನಲ್ಲಿ ಹಿಡಿದು ತರುವೆನು. ಇಂದಿರೆ ಮೊದಲೇ ಕೃಶಳಾಗಿರುವುದರಿಂದ ಉತ್ತರ ತಡವಾಗದಿರಲೆಂದು ಪ್ರಾರ್ಥನೆ.

ಮಗಳು ಇಲ್ಲವೆಂದು ಆಕೆಗೆ ಒಮ್ಮೆ ಹೇಳಿ ನೋಡಿದ್ದೇನೆ. ಇನ್ನೊಮ್ಮೆ ಹೇಳಲಾರೆ.

ತಮ್ಮ ಮಾರ್ಗದ ಹಳೆಯ ಪ್ರಯಾಣಿಕ,
ಅನಂತರಾಮಯ್ಯ